ಮೊರೇನ್ ದಿಬ್ಬದಲ್ಲಿ ಪದರಗಳೇಕೆ ಕಾಣುವುದಿಲ್ಲ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಪುಣೆಯ ಕೊಥ್ರೂಡಿನಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ಈ ಸಲ ಮಗಳ ಜೊತೆ ಗೋಮುಖಕ್ಕೆ ಹೋಗಿದ್ದೆ. ಹಿಮನದಿಯ ಪಕ್ಕದಲ್ಲಿ ಉದ್ದಕ್ಕೂ ಬಂಡೆ, ಜಲ್ಲಿ, ಬೂದಿಯಂಥ ಪುಡಿ ಎಲ್ಲ ಕಲಸಿ ಸುರಿದಂಥ ದಿಬ್ಬ. ಗೈಡ್ ಅದನ್ನು ಮೊರೇನ್ ಎಂದ. ಇಲ್ಲಿ ಪುಣೆಯ ಮುಠಾ ನದಿಯ ದಂಡೆಯಲ್ಲಿ ಪಾಯ ತೋಡಿದರೆ ಮರಳು, ಜಲ್ಲಿ, ಮಣ್ಣು ಬೇರೆ ಬೇರೆ ಪದರವಾಗಿ ಕಾಣುತ್ತವೆ. ಅಲ್ಲೇಕೆ ಹಾಗಿಲ್ಲ? ಪುಣೆ ಪಕ್ಕದ ಕಾತ್ರಜ್ ಘಾಟಿಯ ಕಲ್ಲಿನ ಪದರಗಳಿಗೂ ಹಿಮಕ್ಕೂ ಸಂಬಂಧವಿದೆಯೇ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ: ಬಾಗಲಕೋಟೆಯವರೆಂದ ಮೇಲೆ ಕಣದಲ್ಲಿ ಜೋಳ ತೂರುವುದನ್ನು ನೋಡಿಯೇ ಇರುತ್ತೀರಿ. ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಗಾಳಿ ಮಾಡುವ ಈ ಕೆಲಸವನ್ನೇ ನದಿಯಲ್ಲಿ ನೀರು ಮಾಡುತ್ತದೆ. ರಭಸ ತಗ್ಗಿದಂತೆ ಮೊದಲು ಜಲ್ಲಿಯನ್ನು ಇಳಿಸುತ್ತದೆ, ಆಮೇಲೆ ಮರಳು, ನೀರು ನಿಂತಲ್ಲಿ ಜೇಡಿ. ಮುಠಾ ದಂಡೆಯಲ್ಲಿ ನೀವು ಕಂಡದ್ದು ಹೀಗೆ ತೂರಿಟ್ಟ ರಾಶಿ. ಹಿಮನದಿ ತೂರುವುದಿಲ್ಲ. ಮನೆಗಾತ್ರದ ಬಂಡೆಯನ್ನೂ ಹಿಟ್ಟಿನಂಥ ಪುಡಿಯನ್ನೂ ಜೊತೆಯಲ್ಲೇ ಹೊತ್ತು ಬಂದು, ಕರಗುವ ಜಾಗದಲ್ಲಿ ಎರಡನ್ನೂ ಒಟ್ಟಿಗೆ ಕೆಳಗಿಡುತ್ತದೆ. ಬೇರ್ಪಡದ ಈ ಕಲಬೆರಕೆಗೆ ಟಿಲ್ ಎಂದು ಹೆಸರು. ಹಿಮನದಿ ಅದನ್ನು ದಿಬ್ಬವಾಗಿ ಒಟ್ಟಿದರೆ ಅದೇ ಮೊರೇನ್.

ಇಷ್ಟು ಕಲ್ಲು ಎಲ್ಲಿಂದ ಬಂತು? ಒಂದಷ್ಟು ಮೇಲಿನಿಂದ, ಒಂದಷ್ಟು ತಳದಿಂದ. ಇಕ್ಕೆಲದ ಬೆಟ್ಟಗಳ ಬಿರುಕಲ್ಲಿ ನೀರು ಹೆಪ್ಪುಗಟ್ಟಿ ಬಂಡೆ ಒಡೆದು ಹಿಮದ ಮೇಲೆ ಉರುಳುತ್ತದೆ. ತಳದಲ್ಲಿ ಹಿಮವೇ ನೆಲದ ಕಲ್ಲನ್ನು ಕಿತ್ತುಕೊಂಡು, ಆ ಕಲ್ಲಿನಿಂದಲೇ ಮುಂದಿನ ನೆಲವನ್ನು ಅರದಂತೆ ಉಜ್ಜುತ್ತದೆ. ಉಜ್ಜಿ ಉದುರಿದ ಕಲ್ಲುಹಿಟ್ಟೇ ನೀವು ಕಂಡ ಬೂದಿಬಣ್ಣದ ಪುಡಿ; ಗೋಮುಖದಲ್ಲಿ ಭಾಗೀರಥಿಯ ನೀರು ಮಸುಕಾಗಿ ಹರಿಯುವುದಕ್ಕೂ ಅದೇ ಕಾರಣ.

ನೀವು ನೋಡಿದ್ದು ಪಾರ್ಶ್ವ ಮೊರೇನ್. ಎರಡು ಹಿಮನದಿ ಕೂಡಿದಾಗ ಒಳಬದಿಯ ಎರಡು ಪಾರ್ಶ್ವ ಮೊರೇನ್ ಸೇರಿ ನಡುವೆ ಒಂದು ಪಟ್ಟಿಯಾಗುತ್ತದೆ. ತುದಿಯಲ್ಲಿ ಬೀಳುವುದು ಅಂತ್ಯ ಮೊರೇನ್. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಹಿಮನದಿ ಹಿಂದೆ ಸರಿಯಿತು ಎಂದಾಗ ಹಿಮ ಹಿಮ್ಮುಖವಾಗಿ ನಡೆಯುವುದಿಲ್ಲ. ಅದು ಸದಾ ಕೆಳಮುಖವಾಗಿಯೇ ಹರಿಯುತ್ತಿರುತ್ತದೆ, ಬರುವುದಕ್ಕಿಂತ ಕರಗುವುದು ಹೆಚ್ಚಾದಾಗ ತುದಿ ಮಾತ್ರ ಮೇಲೇರುತ್ತದೆ. ಬರುವುದೂ ಕರಗುವುದೂ ಸರಿಸಮವಾಗಿ ತುದಿ ಬಹುಕಾಲ ಒಂದೇ ಕಡೆ ನಿಂತರೆ, ಬಂದ ಕಲ್ಲೆಲ್ಲ ಅಲ್ಲೇ ಸುರಿದು ದೊಡ್ಡ ಅಂತ್ಯ ಮೊರೇನ್ ಬೆಳೆಯುತ್ತದೆ. ಹಿಂದಿನ ಹಿಮಯುಗದಲ್ಲಿ ಗಂಗೋತ್ರಿ ಹಿಮನದಿ ಇಂದಿನ ಗೋಮುಖಕ್ಕಿಂತ ಸುಮಾರು 40 ಕಿ.ಮೀ. ಕೆಳಗೆ, ಝಾಲಾ ಎಂಬ ಊರಿನವರೆಗೆ ಚಾಚಿತ್ತೆಂಬುದು ಇಂಥ ಗುರುತುಗಳಿಂದಲೇ ಗೊತ್ತಾದದ್ದು.

ಹಾಗಂತ ಮೊರೇನಿನಲ್ಲಿ ಪದರವೇ ಇಲ್ಲವೆಂದಲ್ಲ. ಹಳ್ಳ ಕೊರೆದ ಕಡೆ ನಿಧಾನವಾಗಿ ನೋಡಿ. ಹಿಮದ ಭಾರಕ್ಕೆ ತಳದಲ್ಲಿ ಒತ್ತಿಕೊಂಡ ಟಿಲ್ ಗಟ್ಟಿಯಾಗಿರುತ್ತದೆ, ಕಲ್ಲುಗಳ ಅಂಚು ಸವೆದು ಮೈಮೇಲೆ ಗೀರುಗಳಿರುತ್ತವೆ, ಹೆಚ್ಚಿನವು ಹಿಮ ಹರಿದ ದಿಕ್ಕಿಗೆ ಉದ್ದುದ್ದ ಮಲಗಿರುತ್ತವೆ. ಅದರ ಮೇಲೆ, ಹಿಮ ಕರಗಿ ಇಳಿದ ಸಡಿಲ ಟಿಲ್. ಅಲ್ಲಿನ ಕಲ್ಲುಗಳು ಚೂಪು. ನಡುನಡುವೆ ಕರಗಿದ ನೀರು ಹರಿದಲ್ಲಿ ಶುದ್ಧ ಮರಳಿನ ತುಣುಕು ಪದರಗಳು. ಮೊರೇನ್ ಹಿಂದೆ ಕೆರೆ ನಿಂತರಂತೂ ತಳದಲ್ಲಿ ವರ್ಷಕ್ಕೊಂದು ಜೋಡಿ ಪದರ: ಬೇಸಿಗೆಯಲ್ಲಿ ತಿಳಿಬಣ್ಣದ ನುಣ್ಮರಳು, ಚಳಿಗಾಲದಲ್ಲಿ ಕಪ್ಪು ಜೇಡಿ. ಸ್ವೀಡನ್ನಿನ ಭೂವಿಜ್ಞಾನಿ ಗೆರಾರ್ಡ್ ಡಿ ಗೀರ್ ಇಂಥ ಜೋಡಿಗಳನ್ನು ಒಂದೊಂದಾಗಿ ಎಣಿಸಿ ಅಲ್ಲಿಂದ ಹಿಮ ಸರಿದ ವರ್ಷಗಳ ಲೆಕ್ಕ ಹಾಕಿದರು. ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯುವಂತಾಗುತ್ತದೆ.

ಆದರೆ ಇಂಥ ಕೆರೆಗಳಿಗೆ ಕಟ್ಟೆಯಾಗಿರುವುದು ಅದೇ ಸಡಿಲ ರಾಶಿ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆದದ್ದು ಹೀಗೆ ನಿಂತಿದ್ದ ಮೊರೇನ್ ಕೊಚ್ಚಿಹೋಗಿ. ಮತ್ತೆ ಹೋದರೆ ದಯವಿಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಈ ದಿಬ್ಬಗಳ ಬುಡದಲ್ಲಿ ಕೂರಬೇಡಿ. ಕಲ್ಲುಗಳನ್ನು ಹಿಡಿದಿಟ್ಟ ಹಿಮ ಸಡಿಲಾಗುವ ಹೊತ್ತು ಅದು.

ಇನ್ನು ಮಗಳ ಪ್ರಶ್ನೆ. ಕಾತ್ರಜ್‌ನ ಪದರಗಳು ನೀರು ತಂದವೂ ಅಲ್ಲ, ಹಿಮ ತಂದವೂ ಅಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದರ ಮೇಲೊಂದು ಹರಿದು ಆರಿದ ಲಾವಾ. ಆದರೂ ಮಹಾರಾಷ್ಟ್ರದಲ್ಲಿ ಹಿಮದ ಗುರುತು ಬೇಕೆಂದರೆ ಅವಳನ್ನು ಚಂದ್ರಪುರದ ಕಡೆ ಕರೆದೊಯ್ಯಿರಿ. ಅಲ್ಲಿ ಪೈನ್‌ಗಂಗಾ ನದಿ ದಂಡೆಯ ಇರಾಯಿ ಊರಿನ ಬಳಿ, ಭಾರತ ದಕ್ಷಿಣ ಧ್ರುವದ ಹತ್ತಿರವಿದ್ದ ಸುಮಾರು 30 ಕೋಟಿ ವರ್ಷಗಳ ಹಿಂದಿನ ಟಿಲ್ ಕಲ್ಲಾಗಿ ಕೂತಿದೆ. ಅದರ ಕೆಳಗಿನ ಸುಣ್ಣಕಲ್ಲಿನ ಹಾಸಿನ ಮೇಲೆ ಹಿಮ ಎಳೆದ ಗೀರುಗಳನ್ನು ಭೂವಿಜ್ಞಾನಿಗಳು 19ನೇ ಶತಮಾನದಲ್ಲೇ ಗುರುತಿಸಿದ್ದರು.