ಸಾಲದ ಕಂತು 1930ಕ್ಕೆ ಹೋಗಿದ್ದೇಕೆ?

ಪ್ರಶ್ನೆ: ಕಲಬುರಗಿಯಾಗ ನಮ್ಮ ಕಾಕಾ ಅವರ ದಾಲ್ ಮಿಲ್ ಅದ, ಲೆಕ್ಕ ನಾನೇ ನೋಡ್ತೀನ್ರಿ. ಮಷಿನ್ ಸಾಲದ ಕಂತು ಎಕ್ಸೆಲ್‌ನಾಗ ಬರೆದಿಟ್ಟೀನಿ. ‘10-12-29’ರ ತನಕ ಸರಿ ಅದ. ‘10-1-30’ ಅಂತ ಹೊಡೆದ್ರ 1930 ಆಗ್ತದ, ಬಡ್ಡಿ ಮೈನಸ್ ಬರ್ತದ. 2000ನೇ ಇಸವಿ ಬಂದಾಗ ಎಲ್ಲರೂ ಹೆದರಿದ್ರಲ್ಲ, ಹಂಗೇನಾರ ಮತ್ತ ಅದೇನ್ರಿ?

ಉತ್ತರ: ನಿಮ್ಮ ಬಡ್ಡಿಯ ಸೂತ್ರ ಸರಿ ಇದೆ, ಎಡವಟ್ಟು ಆ ‘30’ರಲ್ಲಿದೆ. ಗಂಜ್ ಮಾರುಕಟ್ಟೆಯಿಂದ ಬಂದ ತೊಗರಿ ಖರೀದಿ ಪಟ್ಟಿಯ ಮೇಲೆ ‘4-3-25’ ಅಂತಿದ್ದರೆ ಯಾವ ಶತಮಾನ ಎಂದು ನಾವ್ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಮಾತ್ರ ಊಹಿಸಲೇಬೇಕು. ಅನೇಕ ಯಂತ್ರಗಳಲ್ಲಿ ಆ ಊಹೆಯ ಗಡಿ 2029: 00ರಿಂದ 29 ಈ ಶತಮಾನ, 30ರಿಂದ 99 ಹಿಂದಿನದು.

‘10-1-30’ ಹೊಡೆದ ಕೋಶದ (ಸೆಲ್) ಫಾರ್ಮ್ಯಾಟನ್ನು ‘ನಂಬರ್’ಗೆ ಬದಲಿಸಿ ನೋಡಿ, 10968 ಕಾಣುತ್ತದೆ. ಎಕ್ಸೆಲ್ ಒಳಗೆ ಇಡುವುದು ತಾರೀಖನ್ನಲ್ಲ, 1-1-1900 ಅನ್ನು 1 ಎಂದು ಹಿಡಿದು ಎಣಿಸಿದ ದಿನಗಳನ್ನು. 10-1-2030ಕ್ಕೆ 47493 ಇರಬೇಕಿತ್ತು. ಹಿಂದಿನ ಕಂತಿನಿಂದ ಕಳೆದಾಗ 31 ದಿನ ಬರುವ ಬದಲು ಮೈನಸ್ 36494 ಬಂದಿದೆ. (ಈ ಎಣಿಕೆಯಲ್ಲಿ ಇಲ್ಲದ 29-2-1900 ಕೂಡ ಸೇರಿದೆ. ಎಕ್ಸೆಲ್‌ಗಿಂತ ಮೊದಲಿದ್ದ ಅಂಥದ್ದೇ ಸಾಫ್ಟ್‌ವೇರ್ ಲೋಟಸ್ 1-2-3ರಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೇ ಉಳಿಸಿಕೊಂಡರು. ನಿಮ್ಮ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ.)

ವರ್ಷವನ್ನು ನಾಲ್ಕಂಕಿಯಲ್ಲೇ ಹೊಡೆಯಿರಿ. ವಿಂಡೋಸ್‌ನಲ್ಲಿ ಆ ಗಡಿಯನ್ನು 2049ಕ್ಕೆ ಸರಿಸಬಹುದು, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಆಡಿಟರ್ ಕಂಪ್ಯೂಟರಿನಲ್ಲಿ ಹಳೇ ಗಡಿಯೇ ಇರಬಹುದು. ಮೇಲಾಗಿ, ಈಗಾಗಲೇ ಕೂತಿರುವ 10968 ತಾನಾಗಿ ಬದಲಾಗದು, ಮತ್ತೆ ಹೊಡೆಯಲೇಬೇಕು.

ಇದಕ್ಕಿಂತ ನನಗೆ ಹೆಚ್ಚು ಭಯ ತಿಂಗಳು-ದಿನ ಅದಲು ಬದಲಾಗುವುದರದು. ಯಂತ್ರ ಅಮೆರಿಕದ ಪದ್ಧತಿಯಲ್ಲಿದ್ದರೆ ಮಾರ್ಚ್ 4ರ ಪಟ್ಟಿ ಸದ್ದಿಲ್ಲದೆ ಏಪ್ರಿಲ್ 3 ಆಗುತ್ತದೆ. ಅಂದರೆ 2024-25ರ ಖರೀದಿ 2025-26ರ ಖಾತೆಗೆ ಬೀಳುತ್ತದೆ! ‘15-3-2025’ ಆದರೆ ಹದಿನೈದನೇ ತಿಂಗಳಿಲ್ಲವಲ್ಲ, ಅದು ಬರೀ ಅಕ್ಷರವಾಗಿ ಉಳಿದು ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ತಾರೀಖಿನ ಸಾಲಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲೇ ನಿಲ್ಲಿಸಿ, ಪಟ್ಟಿಗಳನ್ನು ಹಿಡಿದು ಒಂದೊಂದಾಗಿ ತಾಳೆ ನೋಡಿ.

2000ದಂಥದ್ದು (ವರ್ಷದ ಎರಡೇ ಅಂಕಿ ಇಟ್ಟಿದ್ದ ಕಂಪ್ಯೂಟರ್‌ಗಳು ‘00’ಯನ್ನು 1900 ಎಂದುಕೊಳ್ಳುತ್ತವೆ ಎಂಬ ಭಯ) ಮತ್ತೆ ಇದೆಯೇ ಎಂದಿರಿ. ಇದೆ. ಕೆಲವು ಹಳೇ ಸಾಫ್ಟ್‌ವೇರ್‌ಗಳು 1970ರಿಂದ ಸೆಕೆಂಡು ಎಣಿಸಿ 32 ಬಿಟ್‌ನ, ಅಂದರೆ 32 ಸೊನ್ನೆ-ಒಂದುಗಳು ಹಿಡಿಸುವಷ್ಟು, ಜಾಗದಲ್ಲಿ ಇಡುತ್ತವೆ. ಆ ಜಾಗ ನಮ್ಮ ಸಮಯದಲ್ಲಿ 19-1-2038ರ ಬೆಳಿಗ್ಗೆ 8:44:07ಕ್ಕೆ ತುಂಬುತ್ತದೆ, ಮುಂದಿನ ಸೆಕೆಂಡಿಗೆ ತಾರೀಖು 1901ಕ್ಕೆ ಜಾರುತ್ತದೆ. 64 ಬಿಟ್‌ನಲ್ಲಿ ಇಡುವವುಗಳಿಗೆ ಈ ಭಯವಿಲ್ಲ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದಾದರೆ ಡೇಟಾದ ಒಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ 1-4-2039ರ ಒಂದು ಎಂಟ್ರಿ ಹಾಕಿ, ಉಳಿಸಿ, ಮುಚ್ಚಿ ಮತ್ತೆ ತೆರೆಯಿರಿ. ತಾರೀಖು ಬೇರೆ ಕಂಡರೆ ಪರದೆಯ ಫೋಟೊ ಸಮೇತ ಸಾಫ್ಟ್‌ವೇರ್ ಕೊಟ್ಟವರಿಗೆ ಈಗಲೇ ತಿಳಿಸಿ.