ಹಳ್ಳಿ ಶಾಲೆಯಲ್ಲಿ ಓದುವ ಹಬ್ಬ: ಕಡಿಮೆ ಖರ್ಚಿನಲ್ಲಿ ಏನೇನು ಮಾಡಬಹುದು?

ನಿಮ್ಮದು ಹೊಸನಗರದ ಕಡೆಯ ಶಾಲೆ, ನಲವತ್ತು ಮಕ್ಕಳು, ಒಂದು ವಾರ ಓದುವ ಹಬ್ಬ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ ಅಂತ ಬರೆದಿದ್ದೀರಿ. ಅಮೆರಿಕ, ಬ್ರಿಟನ್ ಶಾಲೆಗಳ ವಿಡಿಯೋ ನೋಡಿ, ಅವೆಲ್ಲ ಇಲ್ಲಿ ನಡೆಯುತ್ತವಾ ಅಂತಲೂ ಕೇಳಿದ್ದೀರಿ.

ಕೆಲವು ನಡೆಯುತ್ತವೆ. ಕೆಲವು ನಡೆಯೋದಿಲ್ಲ ಅಂತ ನಾನು ಮಾಡಿ, ಕೆಡಿಸಿಕೊಂಡು ಕಲಿತೆ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಐದನೇ ಕ್ಲಾಸ್, ಇಪ್ಪತ್ತಾರು ಮಕ್ಕಳು, ನಾವಿಬ್ಬರು ಶಿಕ್ಷಕರು.

ಮೊದಲು ದಿನ ನೋಡಿಕೊಳ್ಳಿ. ವಿಶ್ವ ಪುಸ್ತಕ ದಿನ ಏಪ್ರಿಲ್ 23. ಆಗ ನಮ್ಮ ಮಕ್ಕಳು ಅಜ್ಜಿಮನೆಯ ಮಾವಿನಮರದಲ್ಲಿರುತ್ತಾರೆ. ನೀವು ನೋಡಿದ ಅಮೆರಿಕದ ಹಬ್ಬ ಮಾರ್ಚ್ 2ರದ್ದು. ಅಲ್ಲಿನ ಶಿಕ್ಷಕರ ಸಂಘ 1998ರಲ್ಲಿ ಶುರು ಮಾಡಿದ್ದು, ಮಕ್ಕಳಿಗಾಗಿ ಬರೆದ ಡಾಕ್ಟರ್ ಸ್ಯೂಸ್ ಹುಟ್ಟಿದ ದಿನ ಅದು. ಬ್ರಿಟನ್ನಿನವರದ್ದು ಮಾರ್ಚ್ ಮೊದಲ ಗುರುವಾರ. ನಮಗೆ ಮಾರ್ಚ್ ಅಂದರೆ ಪರೀಕ್ಷೆಯ ಗಡಿಬಿಡಿ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ರಂಗನಾಥನ್ ಅವರ ಹುಟ್ಟುಹಬ್ಬದ ಆಚರಣೆ ಆಗಸ್ಟ್ 12ಕ್ಕೆ ಬರುತ್ತದೆ, ಆದರೆ ಆ ಹೊತ್ತಿಗೆ ನಮ್ಮಲ್ಲಿ ಮಳೆ ರಜೆ ಯಾವತ್ತು ಬೀಳುತ್ತದೋ ಹೇಳಲಾಗದು. ನಾವು ಡಿಸೆಂಬರ್ ಕೊನೆಯ ವಾರ ಹಿಡಿದೆವು. 29ಕ್ಕೆ ಕುವೆಂಪು ಜನ್ಮದಿನ, ವಿಶ್ವಮಾನವ ದಿನ ಹೇಗೂ ಮಾಡಲೇಬೇಕು. ಕುಪ್ಪಳಿ ನಮ್ಮದೇ ತಾಲ್ಲೂಕು. ಮಳೆಯ ಭಯವಿಲ್ಲ, ಅಡಿಕೆ ಸುಲಿತವೂ ನಡೆಯುತ್ತಿರುತ್ತದೆ. ಅಡಿಕೆಗೂ ಓದಿಗೂ ಏನು ಸಂಬಂಧ ಅಂತೀರಾ, ಬರ್ತೀನಿ.

ನಮ್ಮ ಹಬ್ಬ ಶುರುವಾಗಿದ್ದು ಬೂಷ್ಟಿನಿಂದ. ಮಳೆಗಾಲವಿಡೀ ಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ತೆಗೆದರೆ ರಟ್ಟಿನ ಮೇಲೆಲ್ಲ ಬಿಳಿ ಬೂಷ್ಟು, ಗಪ್ ಅಂತ ವಾಸನೆ. ಅಂಗಳದಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರವಿದೆವು, ಮೆಣಸು ಒಣಗಿಸುತ್ತೇವಲ್ಲ, ಹಾಗೆ. ಮಕ್ಕಳಿಗೆ ಒಂದೊಂದು ಪುಸ್ತಕ ವಹಿಸಿ, ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಹಾಗೆ ಒಂದೊಂದೇ ಹಾಳೆ ತಿರುವುತ್ತಾ ಇರಿ ಅಂದೆ. ಸುಮ್ನೆ ಕೆಲಸ ಹಚ್ಚಿದ್ದು, ಅಷ್ಟೇ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಅಂಗಳದಲ್ಲಿ ಸದ್ದೇ ಇಲ್ಲ. ಮೂರನೇ ಕ್ಲಾಸಿನ ಹುಡುಗಿ ಆನೆಯ ಕಥೆ ಹಿಡಿದು ಕೂತಿದ್ದಾಳೆ, ಅವಳ ಬೆನ್ನ ಹಿಂದೆ ನಾಲ್ಕು ತಲೆ. ಊಟದ ಗಂಟೆ ಹೊಡೆದರೂ ಇಬ್ಬರು ಏಳಲಿಲ್ಲ. ಅಲ್ಲಿಂದ ಮುಂದೆ ಪುಸ್ತಕ ಒಣಗಿಸುವುದೇ ನಮ್ಮ ಹಬ್ಬದ ಮೊದಲ ದಿನ. ಬೆಳಗಿನ ಎಳೆ ಬಿಸಿಲು ಸಾಕು. ಸುಡುವ ಬಿಸಿಲಿಗೆ ಇಟ್ಟರೆ ಹಾಳೆ ಹಳದಿಯಾಗುತ್ತದೆ, ಅಂಟು ಬಿಡುತ್ತದೆ. ಬೂಷ್ಟು ಒರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಸಿ. ಉಬ್ಬಸ ಇರುವ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬೇಡಿ.

ಛದ್ಮವೇಷದ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನ ಮಕ್ಕಳು ಕಥೆಯ ಪಾತ್ರಗಳ ವೇಷ ಹಾಕಿಕೊಂಡು ಬರುತ್ತಾರಲ್ಲ, ಮೊದಲ ವರ್ಷ ಅದನ್ನೇ ಮಾಡಿಸಿದೆ. ದೊಡ್ಡ ತಪ್ಪು. ಅನುಕೂಲ ಇದ್ದವರು ಶಿವಮೊಗ್ಗದಿಂದ ಬಾಡಿಗೆಗೆ ಡ್ರೆಸ್ ತಂದರು, ಕಿರೀಟ, ಗದೆ ಎಲ್ಲ. ಒಬ್ಬ ಹುಡುಗ ಆ ದಿನ ಶಾಲೆಗೇ ಬರಲಿಲ್ಲ. ಮಾರನೇ ದಿನ ಹೊಟ್ಟೆನೋವು ಅಂದ. ಎಂಥ ಹೊಟ್ಟೆನೋವು ಅಂತ ನನಗೆ ಅರ್ಥವಾಯಿತು. ಮುಂದಿನ ವರ್ಷದಿಂದ ಒಂದೇ ನಿಯಮ: ಮನೆಯಲ್ಲಿ, ತೋಟದಲ್ಲಿ ಸಿಕ್ಕಿದ್ದು ಮಾತ್ರ, ಅದೂ ಶಾಲೆಯಲ್ಲೇ ಕೂತು ಮಾಡಬೇಕು. ಅಡಿಕೆ ಹಾಳೆಯಲ್ಲಿ ಆನೆಯ ಕಿವಿ, ಹುಲಿಯ ಮುಖವಾಡ, ಕಂಬಳಿಕೊಪ್ಪೆ ಹಾಕಿದವನು ಕರಡಿ. ಕರಡಿ ಯಾವ ಪುಸ್ತಕದ್ದು, ಅದಕ್ಕೆ ಏನಾಯಿತು ಅಂತ ಮೂರು ಮಾತು ಹೇಳಿದರೆ ಸಾಕು. ಹೊಟ್ಟೆನೋವಿನ ಹುಡುಗನೇ ಆ ಕರಡಿ.

ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಇಡಬೇಡಿ. ನಾವು ಇಟ್ಟಿದ್ದೆವು. ಒಬ್ಬ ನಾಲ್ಕು ದಿನದಲ್ಲಿ ಮೂವತ್ತೆರಡು ಪುಸ್ತಕದ ಹೆಸರು ಬರೆದುಕೊಂಡು ಬಂದ. ಬೀರುವಿನ ಮುಂದೆ ನಿಂತು ಪುಸ್ತಕಗಳ ಬೆನ್ನು ನೋಡಿ ಬರೆದದ್ದು! ಓದಲು ತಡವರಿಸುವವರು ಎರಡನೇ ದಿನಕ್ಕೇ ಕೈಬಿಟ್ಟರು.

ಅಮೆರಿಕದ ಶಾಲೆಗಳಲ್ಲಿ ರಾತ್ರಿ ಉಡುಪಿನಲ್ಲಿ ಬಂದು ಓದುವ ದಿನ ಮಾಡುತ್ತಾರೆ ಅಂದಿರಲ್ಲ, ಅದು ಮಾತ್ರ ನಮ್ಮ ಚಳಿಗೆ ಸರಿಯಾಗಿ ಒಗ್ಗಿತು. ಒಂದು ಬೆಳಿಗ್ಗೆ ಎಲ್ಲರೂ ಮನೆಯಿಂದ ಕಂಬಳಿ ತರುತ್ತಾರೆ. ಹೊದ್ದುಕೊಂಡು, ಬೇಕಾದ ಹಾಗೆ ಕೂತು, ಮಲಗಿ, ಇಷ್ಟ ಬಂದ ಪುಸ್ತಕ. ಗಂಟೆ ಹೊಡೆದ ಮೇಲೆ ಇಪ್ಪತ್ತು ನಿಮಿಷ ಶಾಲೆಯಲ್ಲಿ ಯಾರೂ ಬೇರೆ ಕೆಲಸ ಮಾಡುವ ಹಾಗಿಲ್ಲ. ಬಿಸಿಯೂಟದ ಅಡುಗೆಯವರೂ ಬಂದು ಕೂರುತ್ತಾರೆ, ಅನ್ನಕ್ಕೆ ಇಡುವ ಮೊದಲೇ ಗಂಟೆ ಹೊಡೆದರೆ! ನೀವೂ ಓದಬೇಕು. ಹಾಜರಿ ಪುಸ್ತಕ ಬರೆಯುತ್ತಾ ಕೂತರೆ ಮಕ್ಕಳು ಗಮನಿಸುತ್ತಾರೆ.

29ರಂದು ಭಾಷಣದ ಬದಲು ಕುವೆಂಪು ಅವರ ಕಿಂದರಿಜೋಗಿಯನ್ನು ಇಡೀ ಶಾಲೆ ಗಟ್ಟಿಯಾಗಿ ಓದುತ್ತದೆ. ಹಳೆಯ ಜರ್ಮನ್ ಊರಿನ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಬಿಟ್ಟಿದ್ದಾರೆ, ಹಾಗಾಗಿ ನಮ್ಮ ಮಕ್ಕಳಿಗೆ ಅದು ಪಕ್ಕದೂರಿನ ಸುದ್ದಿ. ಅಕ್ಷರ ಬಾರದ ಒಂದನೇ ಕ್ಲಾಸಿನವರೆಲ್ಲ ಇಲಿಗಳು. ಅವರನ್ನು ಸುಮ್ಮನಾಗಿಸುವುದು ಕಷ್ಟ.

ಈಗ ಅಡಿಕೆ ವಿಷಯ. ನನ್ನ ಪ್ರಕಾರ ಇಡೀ ಹಬ್ಬದಲ್ಲಿ ಕೆಲಸಕ್ಕೆ ಬಂದದ್ದು ಇದೇ. ಮಕ್ಕಳಿಗೆ ಪುಸ್ತಕಕ್ಕಿಂತ ಜಾಸ್ತಿ ಕೊರತೆ ಇರುವುದು ಕೇಳುವವರದ್ದು. ಶಾಲೆಯಲ್ಲಿ ಟೀಚರ್ ಕೇಳುವುದು ತಪ್ಪು ಹಿಡಿಯಲು, ಅದು ಮಗುವಿಗೂ ಗೊತ್ತು. ಸುಲಿತದ ರಾತ್ರಿಯಲ್ಲಿ ಏಳೆಂಟು ಜನ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಮೊದಲೆಲ್ಲ ಅಲ್ಲೇ ಅಲ್ವಾ ಕಥೆ ನಡೆಯುತ್ತಿದ್ದದ್ದು? ನಾನು ಪ್ರತಿ ಮಗುವಿಗೂ ಒಂದು ಪುಸ್ತಕ ಕೊಟ್ಟು, ಮನೆಯಲ್ಲಿ ಕೆಲಸ ಮಾಡುತ್ತಿರುವ ಯಾರಿಗಾದರೂ ಓದಿ ಹೇಳಿ ಬನ್ನಿ, ಅವರು ಏನಂದರು ಅಂತ ನಾಳೆ ಹೇಳಿ ಅಂದೆ. ಅಡಿಕೆ ಇಲ್ಲದ ಮನೆಯಲ್ಲಿ ರೊಟ್ಟಿ ತಟ್ಟುವ ಅಮ್ಮ, ಹಾಲು ಕರೆಯುವ ಅಜ್ಜ. ಬೆಳಿಗ್ಗೆ ಬಂದ ವರದಿಗಳು ಪುಸ್ತಕಕ್ಕಿಂತ ಚೆನ್ನಾಗಿದ್ದವು. 'ಆ ನರಿಗೆ ಬುದ್ಧಿ ಇಲ್ಲ, ನಮ್ಮ ಕೋಳಿ ಹಿಡಿದ ನರಿ ಇದಕ್ಕಿಂತ ಚುರುಕು ಅಂದ್ರು ಅಜ್ಜಿ.' ತಡವರಿಸಿ ಓದುವ ಒಬ್ಬಳಿಗೆ ಅವಳ ದೊಡ್ಡಮ್ಮ 'ನಿಧಾನ ಓದು ಮಗಾ, ಬುಟ್ಟಿ ತುಂಬ ಅಡಿಕೆ ಇದೆ' ಅಂದರಂತೆ. ಸುಲಿಯುವ ಮೆಷಿನ್ ಬಂದಿರುವ ಮನೆಗಳಲ್ಲಿ ಮಾತ್ರ ಇದು ನಡೆಯೋದಿಲ್ಲ, ಅದರ ಸದ್ದಿಗೆ ಏನೂ ಕೇಳಿಸದು.

ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ನೋಡಿ. 2015ರಿಂದ ಇದೆ, ಕನ್ನಡ ಕಥೆಗಳು ಬೇಕಾದಷ್ಟಿವೆ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಪುಕ್ಕಟೆ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ನಮ್ಮೂರಲ್ಲಿ ಸಿಗ್ನಲ್ ಇಲ್ಲ, ಪೇಟೆಗೆ ಹೋದಾಗ ಇಳಿಸಿಕೊಂಡು ಬರುತ್ತೇನೆ. ಗ್ರಾಮ ಪಂಚಾಯಿತಿ ಲೈಬ್ರರಿಯನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಎಂಬ ಸರ್ಕಾರಿ ಕಾರ್ಯಕ್ರಮದ ಅಡಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ಮಧ್ಯಾಹ್ನ ಎಲ್ಲರನ್ನೂ ನಡೆಸಿಕೊಂಡು ಹೋಗಿ ಹೆಸರು ಬರೆಸಿಬಿಡಿ.

ಇನ್ನೊಂದು. ಪುಸ್ತಕ ಮನೆಗೆ ಕೊಟ್ಟರೆ ಕಳೆದುಹೋಗುವುದಿಲ್ಲವಾ ಅಂತ ನಿಮ್ಮ ಹೆಡ್ ಮೇಷ್ಟ್ರು ಕೇಳೇ ಕೇಳುತ್ತಾರೆ. ಹೋಗುತ್ತವೆ. ನಮ್ಮಲ್ಲಿ ಆ ವಾರ ಎರಡು ಹೋದವು. ಒಂದನ್ನು ಕರು ತಿಂದಿತು. ಇನ್ನೊಂದು ಅಡಿಕೆ ಚೀಲದೊಳಗೆ ಸೇರಿ ಮಂಡಿಗೆ ಹೋಗಿತ್ತು, ಅಲ್ಲಿಂದ ಹದಿನೈದು ದಿನಕ್ಕೆ ವಾಪಸ್ ಬಂತು. ಆ ಪುಸ್ತಕಕ್ಕೆ ಈಗ ಎಲ್ಲಿಲ್ಲದ ಬೇಡಿಕೆ.