ದಪ್ಪತಲೆಯನ್ನು ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ.

ದಕ್ಷಿಣ ಆಫ್ರಿಕಾದಲ್ಲಿ ಡಚ್ಚಿನಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆಯಿಂದ ಇಂಗ್ಲಿಷಿಗೆ ವಲಸೆ ಹೋದ ಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

1652ರಲ್ಲಿ ಡಚ್ಚರು ಆಫ್ರಿಕಾದ ದಕ್ಷಿಣ ತುದಿಯ ಕೇಪಿನಲ್ಲಿ ಬಂದಿಳಿದ ಕತೆಯ ಒಂದೂವರೆ ಪುಟ ತೆಗೆದುಬಿಡಿ. ಆಮೇಲೆ ಹಕ್ಕಿಗಳದೊಂದು ಪಟ್ಟಿ, ರೋಗಗಳದೊಂದು ಪಟ್ಟಿ. ದಿನಸಿ ಚೀಟಿ ಓದಿದ ಹಾಗಾಯಿತು. ಹಕ್ಕಿಗಳಲ್ಲಿ ‘ಡಿಕ್‌ಕಾಪ್’ ಇದೆ, ದಪ್ಪತಲೆ. ಹಳದಿ ಕಣ್ಣಿನ, ರಾತ್ರಿ ಓಡಾಡುವ ಹಕ್ಕಿ. (ಈಗಿನ ಇಂಗ್ಲಿಷ್ ಪುಸ್ತಕಗಳು ಅದನ್ನು ‘ದಪ್ಪಮಂಡಿ’ ಮಾಡಿವೆ. ತಲೆಯಲ್ಲಿದ್ದ ದಪ್ಪ ಮಂಡಿಗಿಳಿಯಿತು!) ಮೂರು ಪುಟ ದಾಟಿದರೆ ಕುದುರೆ ಜಾಡ್ಯದಲ್ಲೂ ಅದೇ ಡಿಕ್‌ಕಾಪ್: ರೋಗ ಹೃದಯಕ್ಕೆ ಹೊಡೆದಾಗ ಕುದುರೆಯ ಕಣ್ಣಿನ ಮೇಲಿನ ಗುಳಿ ತುಂಬಿ ಉಬ್ಬುತ್ತದೆ, ತಲೆ ಬಾತುಕೊಳ್ಳುತ್ತದೆ. ಶ್ವಾಸಕೋಶಕ್ಕೆ ಹೊಡೆದರೆ ಊತವಿಲ್ಲ, ಅದು ‘ಡನ್‌ಕಾಪ್’, ತೆಳುತಲೆ. ಕುರಿಗೆ ಬರುವ ಬೇರೊಂದು ರೋಗಕ್ಕೆ ‘ಖೀಲ್‌ಡಿಕ್‌ಕಾಪ್’, ಹಳದಿ ದಪ್ಪತಲೆ. ಪ್ರಾಣಿಯ ಎದುರು ನಿಂತು ನೋಡಿದವನು ಇಟ್ಟ ಹೆಸರುಗಳು ಇವು. ನಿಮ್ಮ ಲೇಖನದಲ್ಲಿ ಆ ಕುರುಬನೇ ಇಲ್ಲ.

ಆ ಹಳದಿ ದಪ್ಪತಲೆಗೆ ಕಾರಣ ‘ಟ್ರಿಬ್ಯುಲಸ್ ಟೆರೆಸ್ಟ್ರಿಸ್’ ಎಂದು ಬರೆದು ಮುಂದೆ ಹೋಗಿದ್ದೀರಿ. ಸ್ವಾಮಿ, ಅದು ನಮ್ಮ ನೆಗ್ಗಿಲು! ಹೊಲದ ಬದುವಿನಲ್ಲಿ ಅಂಗಾಲಿಗೆ ಚುಚ್ಚುವ ಮುಳ್ಳು. ದಕ್ಷಿಣ ಆಫ್ರಿಕಾದ ಒಣ ಕರೂ ಬಯಲಿನಲ್ಲಿ ಅದನ್ನು ಮೇಯ್ದ ಕುರಿಗಳ ಪಿತ್ತಜನಕಾಂಗ ಕೆಟ್ಟು, ಮೈ ಹಳದಿಯಾಗಿ, ಬಿಸಿಲು ತಾಗಿದ ಮುಖ, ಕಿವಿ ಬಾತುಕೊಳ್ಳುತ್ತವೆ. ನಮ್ಮ ಪಶುವೈದ್ಯರು ‘ನೀಲಿ ನಾಲಿಗೆ’ ಎನ್ನುವ ಕುರಿರೋಗವೂ ಅಲ್ಲಿನ ‘ಬ್ಲೋಟಾಂಗ್’ ಇಂಗ್ಲಿಷಿನ ಮೂಲಕ ಇಲ್ಲಿಗೆ ಬಂದದ್ದೇ.

ಒಂದು ತಪ್ಪೂ ಇದೆ. ‘ಜಾಗ್‌ಸಿಕ್ಟೆ, ಅಂದರೆ ಬೇಟೆರೋಗ’ ಅಂದಿದ್ದೀರಿ. ಉಚ್ಚಾರ ‘ಯಾಖ್‌ಸೀಕ್ತ’. ಇಲ್ಲಿ ಬೇಟೆಯಲ್ಲ, ಅಟ್ಟುವುದು. ಶ್ವಾಸಕೋಶದಲ್ಲಿ ಗಡ್ಡೆ ಬೆಳೆದ ಕುರಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಏದುಸಿರು ಬಿಡುತ್ತದೆ. ಹಿಂಗಾಲು ಎತ್ತಿ ಹಿಡಿದರೆ ಮೂಗಿನಿಂದ ನೀರು ಸುರಿಯುತ್ತದೆ. ತದ್ರೂಪಿ ಕುರಿ ಡಾಲಿಗೆ 2003ರ ಫೆಬ್ರುವರಿಯಲ್ಲಿ ದಯಾಮರಣ ಕೊಟ್ಟದ್ದು ಇದೇ ಕಾಯಿಲೆಗೆ. ಅವಳನ್ನು ಹೇಗೆ ಮರೆತಿರಿ?

ಕೋಗಿಲೆ ಜಾತಿಯ ‘ಪೀಟ್-ಮೇ-ಫ್ರೋ’ ಇರುವ ಪ್ಯಾರಾ ಮಾತ್ರ ಮುಟ್ಟಬೇಡಿ. ಆ ಮೂರು ಸ್ವರದ ಕೂಗನ್ನು ‘ಪೀಟ್, ನನ್ನ ಹೆಂಡ್ತಿ’ ಎಂದು ಕನ್ನಡಕ್ಕಿಳಿಸಿದ್ದು ಓದಿ ಒಬ್ಬಳೇ ನಕ್ಕೆ. ದಪ್ಪತಲೆಯಿಂದ ಶುರುಮಾಡಿ, ಅರ್ಧಕ್ಕಿಳಿಸಿ, ತಿಂಗಳೊಳಗೆ ಕಳಿಸಿ.